ಯಾರೂ ಮಾತಾಡದ ಲ್ಯಾಟಿನ್ ಥರದ ಭಾಷೆ ಕಲಿಯೋದ್ರಲ್ಲಿ ಏನ್ ಮಜಾ ಇದೆ?
ಮಾತಾಡೋಕೆ ಜನ ಇಲ್ಲ ಅನ್ನೋದೇನೋ ನಿಜ, ಲ್ಯಾಟಿನ್ ಇನ್ನೂ ಚರ್ಚ್ ಭಾಷೆಯಾಗಿರೋ ವ್ಯಾಟಿಕನ್‌ಗೆ ಹೋದ್ರೂ ನಿಮ್ಮ ಕಿವಿಗೆ ಬೀಳೋದು ಇಟಾಲಿಯನ್ನೇ. ಆದ್ರೆ ನಾನು ಲ್ಯಾಟಿನ್ ಹಿಡ್ಕೊಂಡಿದ್ದು ಮಾತಾಡೋಕಲ್ಲ ಸ್ವಾಮಿ. ಸುಡೊಕು ಬಿಡಿಸೋರನ್ನ "ಅದ್ರಿಂದ ಏನ್ ಉಪಯೋಗ" ಅಂತ ಯಾರೂ ಕೇಳಲ್ವಲ್ಲ, ಹಾಗೇ ಇದೂ.

ಒಂದು ಸ್ಯಾಂಪಲ್ ನೋಡಿ. ಲ್ಯಾಟಿನ್ ಕಲಿಯೋರನ್ನ ಗೋಳು ಹುಯ್ಕೊಳ್ಳೋಕೆ ಅಂತಾನೇ ಇರೋ ಹಳೇ ವಾಕ್ಯ: ಮೆಯ ಮಾತೆರ್ ಮಲ ಸೂಸ್ ಎಸ್ತ್. ಮೆಯ ಅಂದ್ರೆ ನನ್ನ, ಮಾತೆರ್ ಅಮ್ಮ, ಮಲ ಕೆಟ್ಟ, ಸೂಸ್ ಹಂದಿ, ಎಸ್ತ್ ಅಂದ್ರೆ ಇದ್ದಾಳೆ. ಸೇರಿಸಿದ್ರೆ "ನನ್ನಮ್ಮ ಕೆಟ್ಟ ಹಂದಿ" ಅಂತ ಬರತ್ತೆ, ಅಯ್ಯೋ ಪಾಪ ಅನ್ಸುತ್ತೆ. ಈಗ ಅದನ್ನೇ ಮೆಯಾ ಮಾತೆರ್ ಮಾಲ ಸೂಸ್ ಏಸ್ತ್ ಅಂತ ಓದಿ. ಮೆಯಾ ಅಂದ್ರೆ ಹೋಗು, ಮಾಲ ಅಂದ್ರೆ ಸೇಬುಗಳು, ಏಸ್ತ್ ಅಂದ್ರೆ ತಿಂತಿದೆ. "ಹೋಗಮ್ಮಾ, ಹಂದಿ ಸೇಬು ತಿಂತಿದೆ!" ಅಷ್ಟೇ ವಿಷ್ಯ. ರೋಮನ್ ಲಿಪಿ ಲ್ಯಾಟಿನ್ ಮಾತಾಡ್ತಿದ್ದ ರೋಮನ್ನರದ್ದೇ ಆದ್ರೂ ಅದ್ರಲ್ಲಿ ಹ್ರಸ್ವ ದೀರ್ಘ ಗೊತ್ತಾಗಲ್ಲ, ಎರಡೂ ಒಂದೇ ಥರ ಕಾಣತ್ತೆ, ಕಲಿಯೋರ ಪುಸ್ತಕದಲ್ಲಿ ಅಕ್ಷರದ ತಲೆ ಮೇಲೆ ಗೆರೆ ಎಳೆದು ತೋರಿಸ್ತಾರೆ. ನಮ್ಮ ಲಿಪಿಲಿ ಎ, ಏ ಬೇರೆ ಬೇರೆ ಇರೋದ್ರಿಂದ ಕನ್ನಡದಲ್ಲಿ ಬರೆದ ತಕ್ಷಣ ಒಗಟಿನ ಗುಟ್ಟೇ ರಟ್ಟಾಗತ್ತೆ.

ವಿಭಕ್ತಿ ವಿಷ್ಯದಲ್ಲೂ ನಮಗೆ ಲಾಭ ಇದೆ. ಕನಿಸ್ ಹೊಮಿನೆಮ್ ಮೊರ್ದೆತ್ ಅಂದ್ರೂ ಹೊಮಿನೆಮ್ ಕನಿಸ್ ಮೊರ್ದೆತ್ ಅಂದ್ರೂ ನಾಯಿ ಮನುಷ್ಯನನ್ನೇ ಕಚ್ಚೋದು, ಯಾಕಂದ್ರೆ ಕೊನೇಲಿರೋ ಮ್ ನಮ್ಮ "ಅನ್ನು" ಕೆಲಸ ಮಾಡ್ತಿದೆ. ಪದ ಹಿಂದೆ ಮುಂದೆ ಆದ್ರೆ ಇಂಗ್ಲಿಷ್ ಅಭ್ಯಾಸ ಇರೋರು ತಬ್ಬಿಬ್ಬಾಗ್ತಾರೆ, ನಮಗೇನೂ ಅನ್ಸಲ್ಲ.

ಇನ್ನೊಂದು, ಜ್ಯೋತಿಷ್ಯದೋರು ಹೇಳೋ ಥರದ್ದು: ಈಬಿಸ್ ರೆದೀಬಿಸ್ ನುಂಕ್ವಮ್ ಪೆರ್ ಬೆಲ್ಲ ಪೆರೀಬಿಸ್. ಹೋಗ್ತೀಯ, ವಾಪಸ್ ಬರ್ತೀಯ, ಎಂದೂ ಯುದ್ಧದಲ್ಲಿ ಸಾಯಲ್ಲ. ಕಾಮಾನ ನುಂಕ್ವಮ್ (ಅಂದ್ರೆ ಎಂದೂ) ಆದ್ಮೇಲೆ ಹಾಕಿ ನೋಡಿ: ಹೋಗ್ತೀಯ, ಎಂದೂ ವಾಪಸ್ ಬರಲ್ಲ, ಯುದ್ಧದಲ್ಲೇ ಸಾಯ್ತೀಯ. ಏನೇ ಆದ್ರೂ ಭವಿಷ್ಯ ಹೇಳಿದೋನು ಬಚಾವ್! (ಬೆಲ್ಲ ಅಂದ್ರೆ ಯುದ್ಧಗಳು, ನಮ್ಮ ಮಂಡ್ಯದ ಬೆಲ್ಲ ಅಲ್ಲ.)

ಲ್ಯಾಟಿನ್ನೇ ಆಗ್ಬೇಕು ಅಂತೇನಿಲ್ಲ. ಲಿಂಗ್ವಿಸ್ಟಿಕ್ಸ್ ಒಲಿಂಪಿಯಾಡ್ ಅಂತ ಹೈಸ್ಕೂಲ್, ಪಿಯುಸಿ ಮಕ್ಕಳಿಗೆ ಒಂದು ಸ್ಪರ್ಧೆ ಇದೆ, ಮಾಸ್ಕೋದಲ್ಲಿ 1965ರಲ್ಲೇ ಶುರುವಾಗಿದ್ದು, ಅಂತರರಾಷ್ಟ್ರೀಯ ಮಟ್ಟದಲ್ಲಿ 2003ರಿಂದ ನಡೀತಿದೆ, 2016ರದ್ದು ನಮ್ಮ ಮೈಸೂರಲ್ಲೇ ಆಗಿತ್ತು. ಹೆಸರೇ ಕೇಳಿರದ ಭಾಷೆಯ ಒಂದಿಷ್ಟು ವಾಕ್ಯ, ಅವುಗಳ ಅರ್ಥ ಕೊಟ್ಟಿರ್ತಾರೆ, ಅಷ್ಟರಿಂದಲೇ ವ್ಯಾಕರಣ ಪತ್ತೆ ಮಾಡಿ ಹೊಸ ವಾಕ್ಯ ಬರೀಬೇಕು, ಆ ಭಾಷೆ ಮೊದ್ಲೇ ಗೊತ್ತಿರ್ಬೇಕಾಗಿಲ್ಲ. ಹಳೇ ಪೇಪರ್ ಎಲ್ಲಾ ನೆಟ್ಟಲ್ಲಿ ಫ್ರೀಯಾಗಿ ಸಿಗತ್ತೆ. ಕೂತ್ರೆ ಭಾನುವಾರ ಹೋಗಿದ್ದೇ ಗೊತ್ತಾಗಲ್ಲ, ಮನೇಲಿ ಬೈಸ್ಕೋಬೇಕಾಗತ್ತೆ ಅದು ಬೇರೆ ಮಾತು.

ಸರಿ, ನಿಮಗೊಂದು ಕೊಡ್ತೀನಿ ಬಿಡ್ಸಿ: ಈ ವಿತೆಲ್ಲಿ ದೇಯಿ ರೊಮಾನಿ ಸೊನೊ ಬೆಲ್ಲಿ. ಇಟಾಲಿಯನ್ನಲ್ಲಿ ಓದಿದ್ರೆ "ರೋಮನ್ನರ ಕರುಗಳು ಚೆಂದ ಇವೆ" ಅಂತ. ಲ್ಯಾಟಿನ್ನಲ್ಲಿ ಓದಿದ್ರೆ ಕರುನೂ ಇಲ್ಲ ಚೆಂದನೂ ಇಲ್ಲ. ಸುಳಿವು ಎರಡೇ: "ಈ" ಅಂದ್ರೆ ಹೋಗು, ವಿತೆಲ್ಲಿ ಅನ್ನೋದು ಒಬ್ಬ ಮನುಷ್ಯನ ಹೆಸರನ್ನ ಕೂಗಿ ಕರೆದಿರೋದು. ಬೆಲ್ಲಿ ಅನ್ನೋದು ಆ ಬೆಲ್ಲದ್ದೇ ಇನ್ನೊಂದು ರೂಪ, ಬೆಲ್ಲದ ಅರ್ಥ ಮೇಲೇ ಹೇಳಿದೀನಿ.