ಲಾಗಿನ್ ಆದ ಕೂಡಲೇ ಕ್ರ್ಯಾಶ್: ಇವತ್ತಿನದಾ, ಮೊನ್ನೆಯದಾ?

ಪ್ರಶ್ನೆ: ನಾನು ಉಬುಂಟು ಲಿನಕ್ಸ್ ಬಳಸುತ್ತೇನೆ. ನಾಲ್ಕು ದಿನದ ಹಿಂದೆ ಅಪ್‌ಡೇಟ್ ಮಾಡಿದೆ. ಅಲ್ಲಿಂದ ಶುರು, ಲಾಗಿನ್ ಆದ ತಕ್ಷಣ ಸಿಸ್ಟಮ್ ಪ್ರೋಗ್ರಾಂನಲ್ಲಿ ತೊಂದರೆ ಇದೆ, ರಿಪೋರ್ಟ್ ಕಳಿಸಬೇಕಾ ಅಂತ ಮೆಸೇಜ್ ಬರುತ್ತದೆ, ಕ್ಯಾನ್ಸಲ್ ಒತ್ತಿದರೆ ಇನ್ನೊಂದು ಬರುತ್ತದೆ. ಇದರ ಜೊತೆಗೆ ಫೈಲ್ ಸಿಂಕ್ ಮಾಡುವ ಆ್ಯಪ್ ತಾನಾಗಿ ಶುರುವಾಗಿ ಹಾಗೇ ಮುಚ್ಚಿಹೋಗುತ್ತದೆ. ಆಮೇಲೆ ನಾನೇ ತೆರೆದರೆ ಚೆನ್ನಾಗಿ ನಡೆಯುತ್ತದೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಲಾ?

ಉತ್ತರ: ಬೇಡ. ಆ ತಪ್ಪು ನಾನು ಮಾಡಿದ್ದೇನೆ. ಒಂದು ಭಾನುವಾರ ಪೂರ್ತಿ ಕೂತು, ಹೋಮ್ ಫೋಲ್ಡರ್ ಮಾತ್ರ ಉಳಿಸಿಕೊಂಡು ಎಲ್ಲ ಹೊಸದಾಗಿ ಹಾಕಿ, ಖುಷಿಯಿಂದ ಲಾಗಿನ್ ಆದರೆ ಅದೇ ಆ್ಯಪ್ ಅದೇ ರೀತಿ ಬಿತ್ತು. ರೋಗ ಇದ್ದದ್ದೇ ಹೋಮ್ ಫೋಲ್ಡರ್‌ನಲ್ಲಿ, ನಾನು ಅದನ್ನೇ ಜೋಪಾನ ಮಾಡಿ ಇಟ್ಟುಕೊಂಡಿದ್ದೆ!

ನಿಮ್ಮದು ಒಂದೇ ತೊಂದರೆ ಅಂತ ಅನಿಸಿದರೂ ಎರಡು ಇರುವ ಹಾಗಿದೆ. ಮೊದಲು ಆ ಮೆಸೇಜ್ ನೋಡೋಣ. ಉಬುಂಟುವಿನಲ್ಲಿ ಕ್ರ್ಯಾಶ್ ಆದಾಗ ಅಪೋರ್ಟ್ ಅನ್ನೋ ಪ್ರೋಗ್ರಾಂ ಒಂದು ರಿಪೋರ್ಟ್ ಬರೆದು, ವಾರ್ (var) ಫೋಲ್ಡರ್ ಒಳಗಿನ ಕ್ರ್ಯಾಶ್ ಫೋಲ್ಡರ್‌ನಲ್ಲಿ ಇಡುತ್ತದೆ. ಆ ಫೈಲ್ ಅಲ್ಲೇ ಬಿದ್ದಿದ್ದರೆ ಮುಂದಿನ ಲಾಗಿನ್‌ನಲ್ಲೂ ನಿಮಗೆ ಮೆಸೇಜ್ ಬರಬಹುದು. ಅಂದರೆ ಸೋಮವಾರ ಬಿದ್ದ ಪ್ರೋಗ್ರಾಂ ಬಗ್ಗೆ ಗುರುವಾರವೂ ಕೇಳುತ್ತಿರುತ್ತದೆ, ಅದು ಆಗಲೇ ಸರಿಹೋಗಿದ್ದರೂ ಸಹ. ಫೋಲ್ಡರ್ ತೆರೆದು ಫೈಲ್‌ಗಳ ತಾರೀಖು ನೋಡಿ. ಹೆಸರಿನಲ್ಲೇ ಯಾವ ಪ್ರೋಗ್ರಾಂ ಬಿತ್ತು ಅಂತ ಇರುತ್ತದೆ. ಕೊನೆಗೆ ಡಾಟ್ ಕ್ರ್ಯಾಶ್, ಅದರ ಹಿಂದೆ ಒಂದು ಸಂಖ್ಯೆ. 1000 ಇದ್ದರೆ ಸಾಮಾನ್ಯವಾಗಿ ನಿಮ್ಮದೇ ಅಕೌಂಟ್, 0 ಇದ್ದರೆ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರ ಇರುವ ಅಕೌಂಟ್‌ನಲ್ಲಿ ಓಡುತ್ತಿದ್ದ ಸಿಸ್ಟಮ್ ಪ್ರೋಗ್ರಾಂ. ತಾರೀಖು ಹಳೆಯದಾಗಿದ್ದರೆ ಟರ್ಮಿನಲ್‌ನಲ್ಲಿ ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಹಾಕಿ ಅಳಿಸಿ, ರೀಸ್ಟಾರ್ಟ್ ಮಾಡಿ. ಮತ್ತೆ ಹೊಸ ಫೈಲ್ ಹುಟ್ಟಲಿಲ್ಲ ಅಂದರೆ ಆ ಕಥೆ ಮುಗಿಯಿತು. ಹುಟ್ಟಿದರೆ ಅದು ನಿಜವಾದ ಕ್ರ್ಯಾಶ್, ಹೆಸರೂ ಕೈಗೆ ಸಿಕ್ಕಿತು. ಫೆಡೋರಾ, ಆರ್ಚ್ ಅನ್ನೋ ಬೇರೆ ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ಅಂತ ಕೊಟ್ಟರೆ ಇದೇ ಮಾಹಿತಿ ಗಂಟೆ ನಿಮಿಷದ ಸಮೇತ ಬರುತ್ತದೆ.

ಈಗ ಸಿಂಕ್ ಆ್ಯಪ್. ಕೈಯಾರೆ ತೆರೆದರೆ ನಡೆಯುತ್ತದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಲಾಗಿನ್ ಆದ ಮೊದಲ ಕೆಲವು ಸೆಕೆಂಡುಗಳಲ್ಲಿ ಎಲ್ಲವೂ ಒಟ್ಟಿಗೆ ಏಳುತ್ತವೆ: ಪ್ಯಾನೆಲ್, ಆ್ಯಪ್‌ಗಳ ಚಿಕ್ಕ ಐಕಾನ್ ಕೂರುವ ಟ್ರೇ, ವೈಫೈ, ಪಾಸ್‌ವರ್ಡ್ ಇಡುವ ಕೀರಿಂಗ್. ನಿಮ್ಮ ಆ್ಯಪ್ ಇವಕ್ಕಿಂತ ಮೊದಲೇ ಎದ್ದು, ಟ್ರೇ ಎಲ್ಲಿ ಅಂತ ಹುಡುಕಿ, ಸಿಗದೇ ಬಿದ್ದಿರುವ ಸಾಧ್ಯತೆ ಜಾಸ್ತಿ. ಸ್ವಲ್ಪ ತಡವಾಗಿ ಎಬ್ಬಿಸಿ ನೋಡಿ. ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ, ಅದರಲ್ಲಿ ಡಾಟ್ ಕಾನ್ಫಿಗ್, ಅದರೊಳಗೆ ಆಟೋಸ್ಟಾರ್ಟ್. ಆ್ಯಪ್ ಹೆಸರಿನ ಡೆಸ್ಕ್‌ಟಾಪ್ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಎಕ್ಸೆಕ್ ಅಂತ ಶುರುವಾಗುವ ಸಾಲಿನಲ್ಲಿ ಆ್ಯಪ್‌ನ ಕಮಾಂಡ್ ಇರುತ್ತದೆ. ಆ ಜಾಗದಲ್ಲಿ ಎಸ್‌ಎಚ್, ಹೈಫನ್ ಸಿ ಬರೆದು, ಡಬಲ್ ಕೋಟ್ ಒಳಗೆ ಸ್ಲೀಪ್ 15, ಸೆಮಿಕೋಲನ್, ಆಮೇಲೆ ಹಳೆಯ ಕಮಾಂಡ್ ಹಾಕಿ. ಹದಿನೈದು ಸೆಕೆಂಡ್ ಕಾದು ಶುರುವಾಗುತ್ತದೆ. ಚಂದದ ಪರಿಹಾರ ಅಲ್ಲ, ಒಪ್ಪಿದೆ. ಆದರೆ ಕೆಲಸ ನಡೆಯುತ್ತದೆ ಅಲ್ವಾ?

ಅದಕ್ಕೂ ಬಗ್ಗದಿದ್ದರೆ ಹೊಸ ಯೂಸರ್ ಅಕೌಂಟ್ ಒಂದನ್ನು ಮಾಡಿ, ಅಲ್ಲಿ ಲಾಗಿನ್ ಆಗಿ, ಅದೇ ಆ್ಯಪ್ ತಾನಾಗಿ ಏಳುವಂತೆ ಇಟ್ಟು ನೋಡಿ. ಇದನ್ನು ಜನ ಯಾಕೋ ಕೊನೆಗೆ ಮಾಡುತ್ತಾರೆ, ನನ್ನ ಪ್ರಕಾರ ಇಷ್ಟು ಬೇಗ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ. ಅಲ್ಲಿ ಸರಿಯಾಗಿ ನಡೆದರೆ ತಪ್ಪು ನಿಮ್ಮ ಸೆಟಿಂಗ್ಸ್‌ನಲ್ಲಿದೆ. ಡಾಟ್ ಕಾನ್ಫಿಗ್ ಒಳಗೆ ಆ ಆ್ಯಪ್‌ಗೆ ಸೇರಿದ ಫೋಲ್ಡರ್ ಹುಡುಕಿ ಹೆಸರು ಬದಲಾಯಿಸಿ. ಅಳಿಸಬೇಡಿ, ನಾಳೆ ಬೇಕಾಗಬಹುದು. ಹೊಸ ಅಕೌಂಟ್‌ನಲ್ಲೂ ಬಿದ್ದರೆ ಸಿಸ್ಟಮ್‌ದೋ ಆ್ಯಪ್‌ದೋ ತೊಂದರೆ. ಆಗ ಟರ್ಮಿನಲ್‌ನಲ್ಲಿ ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಹೈಫನ್ ಬಿ ಅಂತ ಕೊಟ್ಟು, ಲಾಗಿನ್ ಆದ ನಿಮಿಷದ ಸಾಲುಗಳನ್ನು ಓದಿ. ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಲು ಹೋಗಿ ಪ್ರೋಗ್ರಾಂ ಬಿದ್ದದ್ದು) ಅಂತ ಇದ್ದರೆ ಪಕ್ಕದಲ್ಲಿ ಸಾಮಾನ್ಯವಾಗಿ ಲೈಬ್ರರಿಯ ಹೆಸರೂ ಇರುತ್ತದೆ. ಔಟ್ ಆಫ್ ಮೆಮೊರಿ ಅಂತ ಇದ್ದರೆ ಆ್ಯಪ್ ತಾನಾಗಿ ಬಿದ್ದದ್ದಲ್ಲ, ರ್‍ಯಾಮ್ ಸಾಲದೆ ಸಿಸ್ಟಮ್ ಅದನ್ನು ಕೊಂದಿದೆ. ಹಾಗಿದ್ದರೆ ಆಟೋಸ್ಟಾರ್ಟ್‌ನಲ್ಲಿ ಬೇಡದ್ದನ್ನೆಲ್ಲ ತೆಗೆಯಿರಿ.

ಪ್ರಶ್ನೆ: ಪಾಸ್‌ವರ್ಡ್ ಸರಿ ಹಾಕಿದರೂ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬರುತ್ತದೆ. ಪಾಸ್‌ವರ್ಡ್ ತಪ್ಪಾದರೆ ತಪ್ಪು ಅಂತ ಹೇಳುತ್ತದೆ, ಇದು ಏನೂ ಹೇಳುವುದಿಲ್ಲ.

ಉತ್ತರ: ಇಲ್ಲಿ ಬಿದ್ದಿರುವುದು ಆ್ಯಪ್ ಅಲ್ಲ, ಇಡೀ ಡೆಸ್ಕ್‌ಟಾಪ್ ಸೆಷನ್. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಯೂಸರ್‌ನೇಮ್ ಕೇಳುತ್ತದೆ, ಲಾಗಿನ್ ಆಗಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಅಕ್ಷರ, ಚುಕ್ಕೆ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಮೊದಲು ಡಿಎಫ್ ಹೈಫನ್ ಎಚ್ ಕೊಡಿ, ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ಬರೀ ಸ್ಲ್ಯಾಶ್ ಅಥವಾ ಸ್ಲ್ಯಾಶ್ ಹೋಮ್ ಇರುವ ಸಾಲಿನಲ್ಲಿ 100 ಪರ್ಸೆಂಟ್ ಅಂತ ಇದ್ದರೆ ಕಾರಣ ಸಿಕ್ಕಿತು. ಡಿಸ್ಕ್ ತುಂಬಿದ್ದರೆ ಸೆಷನ್‌ಗೆ ತನ್ನ ಚಿಕ್ಕಪುಟ್ಟ ಫೈಲ್‌ಗಳನ್ನು ಬರೆಯಲೂ ಜಾಗ ಇರುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರ್‌ನಿಂದ ಒಂದೆರಡು ದೊಡ್ಡ ಫೈಲ್ ತೆಗೆದರೂ ಸಾಕು, ಒಳಗೆ ಹೋಗಬಹುದು.

ಜಾಗ ಇದ್ದರೆ ಎಲ್‌ಎಸ್ ಹೈಫನ್ ಎಲ್‌ಎ ಕೊಟ್ಟು ನಿಮ್ಮ ಹೋಮ್‌ನ ಫೈಲ್‌ಗಳ ಮಾಲೀಕ ಯಾರು ನೋಡಿ. ಡಾಟ್ ಎಕ್ಸ್‌ಅಥಾರಿಟಿ ಅಥವಾ ಡಾಟ್ ಕಾನ್ಫಿಗ್ ಮುಂದೆ ನಿಮ್ಮ ಹೆಸರಿನ ಬದಲು ರೂಟ್ ಅಂತ ಇದ್ದರೆ, ಯಾವಾಗಲೋ ಸುಡೋ ಹಾಕಿ ಯಾವುದೋ ಆ್ಯಪ್ ತೆರೆದಿದ್ದೀರಿ ಅಂತ ಅರ್ಥ. ಮಾಲೀಕನನ್ನು ಬದಲಾಯಿಸುವ ಸುಡೋ ಚೌನ್ (chown) ಕೊಟ್ಟು ಅವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ, ಆಮೇಲೆ ರೀಬೂಟ್. ಎರಡೂ ಅಲ್ಲದಿದ್ದರೆ ಲಾಗಿನ್ ಪುಟದ ಮೂಲೆಯ ಗೇರ್ ಚಿಹ್ನೆ ಒತ್ತಿ, ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆಯಾಗಿ ವೇಲ್ಯಾಂಡ್ ಬದಲು ಹಳೆಯ ಎಕ್ಸ್‌ಆರ್ಗ್ ಆರಿಸಿ ಒಮ್ಮೆ ಪ್ರಯತ್ನಿಸಿ. ಉಬುಂಟು 25.10ರಿಂದ ಆ ಆಯ್ಕೆಯನ್ನೇ ತೆಗೆದಿದ್ದಾರೆ, ಅದನ್ನೋ ಅದರ ನಂತರದ್ದನ್ನೋ ಬಳಸುತ್ತಿದ್ದರೆ ಸುಮ್ನೆ ಹುಡುಕಬೇಡಿ.