ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು ತುಂಬಬಹುದಾ?

ಅಣ್ಣಾ, ಅಜ್ಜನ ಟ್ರಂಕಿನಲ್ಲಿ 12 ಬೋರಿನ ಕೋವಿಯ 40 ಖಾಲಿ ಕೇಸು (ಹೊಡೆದ ತೋಟಾದ ಕವಚ), ಜೊತೆಗೆ .315 ರೈಫಲಿನ ಹಿತ್ತಾಳೆ ಕೇಸು ಒಂದು ಹಿಡಿ ಸಿಕ್ಕಿವೆ, ವಿಡಿಯೋದಲ್ಲಿ ಅಮೆರಿಕದವರು ತುಂಬಿಸುವ ಹಾಗೆ ಮನೆಯಲ್ಲೇ ತುಂಬಿಸಬಹುದಾ ಅಂತ ಕೇಳಿದ್ದೀರಿ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಹತ್ತಿರ ಬಂತು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅಭ್ಯಾಸ ಆಗಬೇಕು, ಅಂಗಡಿ ತೋಟಾ ದುಬಾರಿ ಅನ್ನೋದು ನಿಮ್ಮ ಲೆಕ್ಕ. ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಕಾನೂನು ಮೊದಲು ಮುಗಿಸೋಣ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂ ಹಕ್ಕು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ, ತೋಟಾ ಇಟ್ಟುಕೊಳ್ಳುವುದಕ್ಕೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ತೋಟಾ ತಯಾರಿಸುವುದು ಬೇರೆ ವಿಷಯ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್‌ಗೆ ಬರುತ್ತೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. 'ನಮಗೆ ಲೈಸೆನ್ಸೇ ಬೇಡ ಅಲ್ವಾ' ಅಂತ ಮೇಲೆ ಒಬ್ಬರು ಬರೆದಿದ್ದಾರೆ, ಅದು ಅರ್ಧ ಮಾತ್ರ ನಿಜ.

ಇನ್ನು ಅಮೆರಿಕದವರ ಹವ್ಯಾಸ. ಅದು ನಿಜವಾಗಿ ಚಂದದ ಕೆಲಸ, ನನಗೂ ನೋಡೋಕೆ ಇಷ್ಟ. ಹೊಡೆದ ಹಿತ್ತಾಳೆ ಕೇಸಿನಿಂದ ಹಳೇ ಕೇಪು (ತಳದಲ್ಲಿ ಕಿಡಿ ಕೊಡುವ ಭಾಗ) ತೆಗೆಯುತ್ತಾರೆ, ಪ್ರೆಸ್ಸಿಗೆ ಹಾಕಿ ಉಬ್ಬಿದ ಕೇಸನ್ನು ಮೊದಲಿನ ಅಳತೆಗೆ ತರುತ್ತಾರೆ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸುತ್ತಾರೆ. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಅವರು ಅದರ ಹತ್ತನೇ ಒಂದು ಭಾಗದವರೆಗೂ ತೂಗುತ್ತಾರೆ. ಮದ್ದು ತಯಾರಿಸಿದ ಕಂಪನಿಯೇ ಪರೀಕ್ಷೆ ಮಾಡಿ ಅಚ್ಚು ಹಾಕಿದ ಪಟ್ಟಿ ಅವರ ಮುಂದೆ ಇರುತ್ತೆ. ಮದ್ದಿನ ಹೆಸರು ಬದಲಾದರೆ ಪಟ್ಟಿಯೂ ಬದಲಾಗುತ್ತೆ. ನಮ್ಮ ಕಡೆ ಅಂಥ ಪಟ್ಟಿ ಎಲ್ಲಿದೆ? ಡಬ್ಬಿ ಮೇಲೆ ಹೆಸರೇ ಇಲ್ಲದ ಮದ್ದು, ಅಳತೆಗೆ ಅಜ್ಜನ ಕಾಲದ ಚಮಚ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೇಪಿನ ಕೋವಿಗೆ ಹಾಕುವ ಕರಿ ಮದ್ದಿನ ಚಮಚದಲ್ಲಿ ಹೊಗೆಯಿಲ್ಲದ ಮದ್ದು ಅಳೆದು ಹಾಕಿದರೆ ನಳಿಗೆ ಸೀಳುತ್ತೆ. ನಳಿಗೆಯ ಪಕ್ಕದಲ್ಲೇ ನಿಮ್ಮ ಎಡಗೈ ಇರುತ್ತೆ, ನೆನಪಿರಲಿ.

ಕೇಸುಗಳೂ ಅಜ್ಜನ ಕಾಲದವು. ಕಾಗದದ ಕೇಸು ನಮ್ಮ ಮಳೆಗೆ ಉಬ್ಬಿ, ಚೇಂಬರಿಗೆ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಹೋಗುವುದೇ ಕಷ್ಟ. ರೈಫಲಿನ ಹಿತ್ತಾಳೆ ಕೇಸಿನ ತಳದಿಂದ ಸ್ವಲ್ಪ ಮೇಲೆ ಬಳೆಯ ಹಾಗೆ ಹೊಳೆಯುವ ಗೆರೆ ಕಂಡರೆ ಆ ಜಾಗದಲ್ಲಿ ಲೋಹ ತೆಳುವಾಗಿದೆ ಅಂತ ಅರ್ಥ. ಇನ್ನೊಂದು ಸಲ ಹೊಡೆದರೆ ತಳ ಒಂದು ಕಡೆ, ಕೇಸು ಒಂದು ಕಡೆ.

ದುಡ್ಡು ಉಳಿಸುವ ಆಸೆಯನ್ನು ಇದಕ್ಕಿಂತ ಒಳ್ಳೇ ಕಡೆ ಹಾಕಿ: ನಿಮ್ಮ ನಳಿಗೆಗೆ ಸರಿಯಾದ ತೋಟಾ ಯಾವುದು ಅಂತ ಮೊದಲು ತಿಳ್ಕೊಳ್ಳಿ. ಜೋಡು ನಳಿಗೆ ಕೋವಿ ಆಗಿದ್ದರೆ ಮುಂದಿನ ಮರದ ಭಾಗ ಬಿಚ್ಚಿ ನಳಿಗೆಯ ಅಡಿ ನೋಡಿ, ಅಳತೆ ಕೊರೆದಿರುತ್ತಾರೆ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಇರುವುದು ಜಾಸ್ತಿ. 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಹೋಗಿ ಕೂರುತ್ತೆ, ಮೋಸ ಅಲ್ಲೇ ಇರೋದು. ಹೊಡೆದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತೆ. 'ನೈಟ್ರೋ' (ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ) ಅಂತ ಮುದ್ರೆ ಇಲ್ಲದ, ಮೇಲೆ ಹೆಣೆದ ಹಾಗೆ ಸುರುಳಿ ಗೆರೆ ಕಾಣುವ ಡಮಾಸ್ಕಸ್ ನಳಿಗೆಗೆ ಈಗಿನ ತೋಟಾ ಹಾಕಲೇಬೇಡಿ. ಅದಕ್ಕೆ ತೋಕ್ ಪೂ (ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ಹೂವು) ಸಿಕ್ಕಿಸಿ, ಗಂಧ ಹಚ್ಚಿ, ದೀಪ ಇಡುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಪೂಜೆಗೆ ಇಡಿ, ಸಾಕು.

ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಎರಡರ ತೋಟಾ ಒಂದೇ ಜೇಬಿಗೆ ಹಾಕಬೇಡಿ. 20 ಬೋರಿನ ತೋಟಾ 12ರದ್ದಕ್ಕಿಂತ ಸಪೂರ, 12ರ ಚೇಂಬರಿನಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಖಾಲಿ ಕಾಣುತ್ತೆ, ಹಾಕಲು ಮರೆತೆ ಅಂದುಕೊಂಡು ಅದರ ಹಿಂದೆ 12ರ ತೋಟಾ ತುಂಬಿಸುತ್ತೀರಿ. ಆಮೇಲೆ ಹೇಳೋದೇ ಬೇಡ. ಇದಕ್ಕೆಂದೇ ಈಗ ಬಹಳಷ್ಟು 20 ಬೋರಿನ ತೋಟಾ ಹಳದಿ ಬಣ್ಣದಲ್ಲಿ ಬರುತ್ತವೆ.

ಮಳೆಗಾಲದ ವಿಷಯಕ್ಕೆ ಬರೋಣ. ಪಾರ್ಚ್‌ಮೆಂಟ್ ಕಾಫಿ ಒಣಗಿಸುವವರಿಗೆ ತೇವದ ಪಾಠ ಬೇಕಿಲ್ಲ, ಆದರೂ ತೋಟಾ ಮಾತ್ರ ಒಲೆ ಮೇಲಿನ ಅಟ್ಟದಲ್ಲಿ ಇಡೋರು ಇನ್ನೂ ಇದ್ದಾರೆ. ರಬ್ಬರ್ ವಾಷರಿನ ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಂಪಾದ ಬೀಗದ ಕಪಾಟು. ಇಷ್ಟೇ. ಕಿಲುಬು ಬಂದಿದೆ ಅಂತ ತೋಟಾಕ್ಕೆ ಎಣ್ಣೆ, ಸ್ಪ್ರೇ ಹಚ್ಚಬೇಡಿ, ಸಂದಿಯಲ್ಲಿ ಇಳಿದು ಕೇಪನ್ನು ಸಾಯಿಸುತ್ತೆ. ಕೋವಿಗೆ ಎಣ್ಣೆ ಬೇಕು, ಅದೂ ತೆಳ್ಳಗೆ, ಹೊಡೆಯುವ ಮೊದಲು ನಳಿಗೆ ಒಳಗಿನದನ್ನು ಒಣ ಬಟ್ಟೆಯಲ್ಲಿ ಒರೆಸಿ. ಚರ್ಮದ ಚೀಲದಲ್ಲಿ ಕೋವಿ ಹಾಕಿ ಜೂನ್‌ನಲ್ಲಿ ಇಟ್ಟರೆ ಸೆಪ್ಟೆಂಬರಿಗೆ ಕೆಂಪು ತುಕ್ಕು ಗ್ಯಾರಂಟಿ.

ನನ್ನದೇ ಒಂದು ಕಥೆ. ಹಿಂದೊಂದು ಕೈಲ್‌ಪೊಳ್ದ್‌ಗೆ ಚಿಕ್ಕಪ್ಪನ ಹಳೇ ತೋಟಾ ಹಾಕಿ ಹೊಡೆದೆ. 'ಢಂ' ಅನ್ನಬೇಕಾದದ್ದು 'ಟುಸ್' ಅಂತು. ತೆಂಗಿನಕಾಯಿ ಅಲ್ಲಾಡಲಿಲ್ಲ, ಎಲ್ಲರೂ ನಕ್ಕರು. ನಾನು ಮರ್ಯಾದೆ ಉಳಿಸಿಕೊಳ್ಳೋಕೆ ಇನ್ನೊಂದು ತೋಟಾ ತೆಗೆದೆ. ಪಕ್ಕದಲ್ಲಿದ್ದ ಮಾವ ಕೈ ಹಿಡಿದು, ಕೋವಿ ಮಡಚಿ ತೆರೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದರು. ದುಂಡಗೆ ಬೆಳಕು ಕಾಣಬೇಕಾದ ಕಡೆ ಕತ್ತಲು. ಅರ್ಧ ದಾರಿಯಲ್ಲಿ ಬಿರಡೆ (ಮದ್ದಿಗೂ ಚರೆಗೂ ನಡುವಿನ ತುಂಡು) ಕೂತಿತ್ತು, ಅದರ ಮುಂದೆ ಚರೆ. ಅವತ್ತಿನಿಂದ ಸದ್ದು ಕಡಿಮೆ ಬಂದರೆ ಖಾಲಿ ಮಾಡಿ ನಳಿಗೆ ನೋಡದೆ ಎರಡನೆಯದು ಹಾಕೋದಿಲ್ಲ. ಸದ್ದೇ ಬರದಿದ್ದರೆ ಗುರಿಯ ಕಡೆಗೇ ಹಿಡಿದುಕೊಂಡು ಅರ್ಧ ನಿಮಿಷ ಸುಮ್ನೆ ನಿಲ್ಲಿ, ಕೆಲವು ತೋಟಾ ತಡವಾಗಿ ಹತ್ತಿಕೊಳ್ಳುತ್ತವೆ.

ಅಭ್ಯಾಸಕ್ಕೆ ಖರ್ಚು ಜಾಸ್ತಿ ಅನ್ನಿಸಿದರೆ .22 ರೈಫಲ್ ವಿಭಾಗದಲ್ಲಿ ಹೆಸರು ಕೊಡಿ, ಇಲ್ಲಾ ಏರ್ ರೈಫಲಿನಲ್ಲಿ ಕಣ್ಣು, ಉಸಿರು ಸರಿ ಮಾಡ್ಕೊಳ್ಳಿ. ಅಜ್ಜನ ಕೇಸುಗಳನ್ನು ಎಸೆಯಬೇಡಿ. ತಳದ ಅಕ್ಷರ ಕಾಣುವ ಹಾಗೆ ಒಂದು ಫೋಟೋ, ನಳಿಗೆ ಅಡಿಯ ಮುದ್ರೆಯದ್ದೊಂದು ಫೋಟೋ ಇಲ್ಲಿ ಹಾಕಿ. ಕೋವಿಯ ನಂಬರ್ ಮಾತ್ರ ಬೆರಳಿನಿಂದ ಮುಚ್ಚಿ.