ಇವಾನ್ ಬಿಲಿಬಿನ್ ಅವರಿಂದ ಏನನ್ನು ಕಲಿಯಬಹುದು?

ಮಕ್ಕಳ ಕಥೆಗಳಿಗೆ ಚಿತ್ರ ಬರೆಯಲು ಕಲಿಯುತ್ತಿದ್ದೇನೆ, ರಷ್ಯಾದ ಇವಾನ್ ಬಿಲಿಬಿನ್ ಯಾರು, ಅವರ ಶೈಲಿಯನ್ನು ನಮ್ಮ ಜನಪದ ಕಥೆಗಳಿಗೆ ತಂದುಕೊಳ್ಳಬಹುದೇ ಎಂದು ಕೇಳಿದ್ದೀರಿ. ತಂದುಕೊಳ್ಳಬಹುದು. ಆದರೆ ಅವರ ಚಿತ್ರ ನೋಡಿದವರ ಕೈ ಮೊದಲು ಹೋಗುವುದು ಪುಟದ ಸುತ್ತಲಿನ ಅಂಚಿನ ಅಲಂಕಾರಕ್ಕೆ. ಎರವಲು ತರಬಾರದದ್ದು ಅದೊಂದೇ. ವರ್ಷಗಳ ಹಿಂದೆ ನಾನು ಒಂದು ಕನ್ನಡ ಕಥೆಗೆ ಚಿತ್ರ ಬರೆಯುವಾಗ ಅವರ ಅಂಚನ್ನು ಹಾಗೆಯೇ ಇಳಿಸಿಬಿಟ್ಟಿದ್ದೆ. ಕಥೆ ನಡೆಯುತ್ತಿದ್ದುದು ಜೋಳದ ಹೊಲದಲ್ಲಿ. ಅಂಚಿನಲ್ಲಿ ಹಿಮದ ನಾಡಿನ ಅಣಬೆಗಳು. ಅಚ್ಚಾದ ಪುಟ ಕೈಗೆ ಬಂದ ದಿನ ನನಗಾದ ಸಂಕಟ ಇನ್ನೂ ಮಾಸಿಲ್ಲ. ಆಮೇಲೆಯೇ ನಾನು ಅವರ ಬದುಕನ್ನು ಹುಡುಕಿ ಓದಿದ್ದು.

ಬಿಲಿಬಿನ್ ಹುಟ್ಟಿದ್ದು 1876ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಬಳಿ. ತಂದೆ ನೌಕಾಪಡೆಯ ವೈದ್ಯರು. ಮಗ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕಾನೂನು. ಓದಿನ ನಡುವೆಯೇ 1898ರಲ್ಲಿ ಮ್ಯೂನಿಕ್‌ಗೆ ಹೋಗಿ ಆಂಟನ್ ಅಜ್ಬೆ ಅವರ ಕಲಾಶಾಲೆಯಲ್ಲಿ ಕೆಲಕಾಲ ಕಲಿತರು; ಮರಳಿದ ಮೇಲೆ ರಷ್ಯಾದ ಹೆಸರಾಂತ ಚಿತ್ರಕಾರ ಇಲ್ಯಾ ರೆಪಿನ್ ಅವರಲ್ಲಿ ಶಿಷ್ಯರಾದರು. 1899ರಲ್ಲಿ ಇನ್ನೊಬ್ಬ ರಷ್ಯನ್ ಚಿತ್ರಕಾರ ವಾಸ್ನೆತ್ಸೋವ್ ಅವರ, ಕುದುರೆಯೇರಿದ ಮೂವರು ವೀರರ ದೊಡ್ಡ ವರ್ಣಚಿತ್ರವನ್ನು ಪ್ರದರ್ಶನದಲ್ಲಿ ಕಂಡು ಅವರು ನಿಂತಲ್ಲೇ ನಿಂತರಂತೆ. ಆ ಬೇಸಿಗೆಯಲ್ಲಿ ತ್ವೇರ್ ಪ್ರಾಂತ್ಯದ ಯೆಗ್ನಿ ಎಂಬ ಹಳ್ಳಿಗೆ ಹೋದರು. ದಟ್ಟ ಕಾಡು, ಮರದ ಮನೆಗಳು, ಕೆತ್ತಿದ ಕಿಟಕಿ ಚೌಕಟ್ಟುಗಳು. ಬೆಂಕಿಹಕ್ಕಿ ಮತ್ತು ಬೂದು ತೋಳದ ಕಥೆಗೆ ಮೊದಲ ಚಿತ್ರಗಳು ಹುಟ್ಟಿದ್ದು ಅಲ್ಲಿ.

ಅವುಗಳನ್ನು ಪ್ರಕಟಿಸಿದ್ದು ಯಾವುದೋ ಪುಸ್ತಕದ ಅಂಗಡಿಯಲ್ಲ. ನೋಟು ಮತ್ತು ಸರ್ಕಾರಿ ದಾಖಲೆಪತ್ರಗಳನ್ನು ಅಚ್ಚು ಹಾಕುವ ರಾಜ್ಯ ಮುದ್ರಣಾಲಯ. 1901ರಿಂದ 1903ರ ಒಳಗೆ ಆರು ತೆಳು, ಅಗಲವಾದ ಪುಸ್ತಕಗಳು ಬಂದವು: ಕಪ್ಪೆ ರಾಜಕುಮಾರಿ, ಸುಂದರಿ ವಸಿಲಿಸಾ, ಮಾರ್ಯಾ ಮೊರೆವ್ನಾ ಮೊದಲಾದ ಕಥೆಗಳು. ಇದನ್ನು ಒತ್ತಿ ಹೇಳಲು ಕಾರಣವಿದೆ. ನೀವು ‘ಶೈಲಿ’ ಎನ್ನುವುದರಲ್ಲಿ ಅರ್ಧಪಾಲು ಅಚ್ಚಿನ ಮನೆಯದು. ಆಗ ಬಣ್ಣದ ಚಿತ್ರ ಅಚ್ಚಾಗುತ್ತಿದ್ದುದು ಬಣ್ಣದ ಕಲ್ಲಚ್ಚಿನಲ್ಲಿ, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಒಂದರೊಳಗೊಂದು ಕರಗುವ ಬಣ್ಣಗಳನ್ನು ಅಲ್ಲಿ ತರುವುದು ಕಷ್ಟ. ಕಪ್ಪು ಗೆರೆಯಿಂದ ಸುತ್ತುಗಟ್ಟಿ, ಒಳಗೆ ಸಮತಟ್ಟಾಗಿ ಬಣ್ಣ ತುಂಬಿದ ಚಿತ್ರ ಕಲ್ಲಿನಿಂದ ಕಾಗದಕ್ಕೆ ಬಂದಾಗಲೂ ತನ್ನತನ ಕಳೆದುಕೊಳ್ಳುವುದಿಲ್ಲ. ಬಿಲಿಬಿನ್ ಚೌಕಟ್ಟಿಗೆ ಹಾಕುವ ಚಿತ್ರ ಬರೆದು ಆಮೇಲೆ ಪುಸ್ತಕಕ್ಕೆ ಇಳಿಸಲಿಲ್ಲ. ಮೊದಲ ಗೆರೆಯಿಂದಲೇ ಪುಟವನ್ನು ಬರೆದರು.

ಅವರ ಕೆಲಸದ ಕ್ರಮವೂ ಹಾಗೆಯೇ. ಮೊದಲು ಕರಡು ಚಿತ್ರ, ಅದು ಟ್ರೇಸಿಂಗ್ ಕಾಗದಕ್ಕೆ, ಅಲ್ಲಿಂದ ದಪ್ಪ ವಾಟ್‌ಮನ್ ಕಾಗದಕ್ಕೆ. ನಂತರ ತುದಿಯನ್ನು ಕತ್ತರಿಸಿದ ಕುಂಚದಿಂದ ಕಪ್ಪು ಶಾಯಿಯ ಗೆರೆ, ಕೊನೆಗೆ ಜಲವರ್ಣ. ತಂತಿ ಬಗ್ಗಿಸಿ ಇಟ್ಟಂತೆ ಕಾಣುವ ಆ ಗೆರೆ ಲೇಖನಿಯದಲ್ಲ, ಕುಂಚದ್ದು! ಅವರ ಕೈ ನಡುಗದ್ದಕ್ಕೆ ಜೊತೆಗಾರರು ‘ಕಬ್ಬಿಣದ ಕೈಯ ಇವಾನ್’ ಎಂದು ಕರೆಯುತ್ತಿದ್ದರು. ನೀವೂ ಕುಂಚದಿಂದ ಒಂದು ಗೇಣು ಉದ್ದದ ಗೆರೆಯನ್ನು ಒಂದೇ ದಪ್ಪದಲ್ಲಿ ಎಳೆದು ನೋಡಿ. ನನಗೆ ಉಸಿರು ಹಿಡಿದುಕೊಂಡು ಎಳೆಯಲು ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು.

ರಷ್ಯಾದ ಜನಪದ ಕಥೆಗಳ ಮಾಟಗಾತಿ ಬಾಬಾ ಯಾಗಾಳ ಚಿತ್ರವನ್ನು ಎದುರಿಗಿಟ್ಟುಕೊಂಡು ಒಂದು ಸಂಜೆ ಕುಳಿತುಕೊಳ್ಳಿ. ಮುದುಕಿ ಒರಳಿನಲ್ಲಿ ನಿಂತು ಕಾಡಿನ ನಡುವೆ ಹಾರುತ್ತಿದ್ದಾಳೆ. ಕೈಯಲ್ಲಿ ಒನಕೆ, ಪೊರಕೆ. ಕೆಳಗೆ ನಮ್ಮ ಕಣ್ಣಿಗೆ ತೀರ ಹತ್ತಿರದಲ್ಲಿ ಕೆಂಪು ವಿಷದ ಅಣಬೆಗಳು, ಹಿಂದೆ ಮರಗಳು. ನೆರಳು ಬೆಳಕಿನ ಆಟ ಬಹಳ ಕಡಿಮೆ, ಆದರೂ ಕಾಡು ಆಳವಾಗಿದೆ. ನಾಟಕದ ರಂಗದಲ್ಲಿ ಒಂದರ ಹಿಂದೆ ಒಂದು ಪರದೆ ಬಿಟ್ಟಂತೆ ಅವರು ಪದರಗಳನ್ನು ಜೋಡಿಸುತ್ತಾರೆ. ಮುಂದೆ ಅವರು ಒಪೆರಾಗಳಿಗೆ ರಂಗಸಜ್ಜಿಕೆ ಮಾಡಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಈಗ ಅಂಚಿನ ಮಾತು. 1902ರಿಂದ 1904ರವರೆಗೆ ಒಂದು ವಸ್ತುಸಂಗ್ರಹಾಲಯದ ಜನಾಂಗ ಅಧ್ಯಯನ ವಿಭಾಗದ ಪರವಾಗಿ ಬಿಲಿಬಿನ್ ರಷ್ಯಾದ ಉತ್ತರ ಭಾಗವನ್ನು ಸುತ್ತಿದರು: ವೋಲೊಗ್ದಾ, ಅರ್ಖಾಂಗೆಲ್ಸ್ಕ್, ಒಲೊನೆತ್ಸ್. ಹಳೆಯ ಉಡುಪು, ಕಸೂತಿ, ಮರದ ಕೆತ್ತನೆಗಳನ್ನು ಸಂಗ್ರಹಿಸಿದರು, ಮರದ ಚರ್ಚುಗಳ ಫೋಟೊ ತೆಗೆದರು, ಕಂಡದ್ದನ್ನು ಬರೆದು ಪ್ರಕಟಿಸಿದರು. ಕವಿ ಪುಷ್ಕಿನ್ ಅವರ ಸಾಲ್ತಾನ್ ರಾಜನ ಕಥೆಗೆ 1905ರಲ್ಲಿ ಬಂದ ಚಿತ್ರಗಳನ್ನು ಮೊದಲ ಆರು ಪುಸ್ತಕಗಳ ಪಕ್ಕದಲ್ಲಿಡಿ. ಮೊದಲಿನವುಗಳಲ್ಲಿ ಕಾಡು ಮಾತನಾಡುತ್ತದೆ. ಸಾಲ್ತಾನ್‌ನಲ್ಲಿ ಬಟ್ಟೆಯ ಒಂದೊಂದು ಹೂವೂ ಎಲ್ಲಿಯೋ ಕಣ್ಣಾರೆ ಕಂಡದ್ದು ಎನ್ನಿಸುತ್ತದೆ. ಅದೇ ಪುಸ್ತಕದಲ್ಲಿ ಪೀಪಾಯಿಯನ್ನು ಹೊತ್ತೆಸೆಯುವ ಸಮುದ್ರದ ಅಲೆ ಮಾತ್ರ ಜಪಾನಿನ ಚಿತ್ರಕಾರ ಹೊಕುಸಾಯ್ ಅವರ ಅಲೆಯನ್ನು ನೆನಪಿಸುತ್ತದೆ. ಅಂದರೆ ಬಿಲಿಬಿನ್ ಕೂಡ ಸಾಲ ಪಡೆದರು. ಅಲೆಯನ್ನು ಕಾಣುವ ಬಗೆಯನ್ನು ಪಡೆದರು, ಅಂಚನ್ನಲ್ಲ.

ಅಂಚು ಅವರಿಗೆ ಬರೀ ಸಿಂಗಾರವಾಗಿರಲಿಲ್ಲ. 1906ರಲ್ಲಿ ಒಂದು ವಿಡಂಬನ ಪತ್ರಿಕೆಗೆ ಅವರು ಒಂದು ಕತ್ತೆಯ ಚಿತ್ರ ಬರೆದರು. ಕತ್ತೆ ಸಾಧಾರಣ ಕತ್ತೆಯೇ. ಅದರ ಸುತ್ತಲಿನ ಚೌಕಟ್ಟು ಮಾತ್ರ ಚಕ್ರವರ್ತಿಯ ರಾಜಲಾಂಛನಗಳದ್ದು. ಪತ್ರಿಕೆ ನಿಂತಿತು, ಬಿಲಿಬಿನ್ ಬಂಧನಕ್ಕೊಳಗಾದರು. ಚೌಕಟ್ಟಿಗೆ ಎಷ್ಟು ಮಾತಾಡಲು ಬರುತ್ತದೆ ನೋಡಿ.

ಉಳಿದ ಬದುಕು ಅಲೆದಾಟದ್ದು. ಕ್ರಾಂತಿಯ ನಂತರ 1920ರಲ್ಲಿ ಈಜಿಪ್ಟ್ ಸೇರಿ ಕೈರೋದಲ್ಲಿ ನೆಲೆಸಿದರು, 1925ರಲ್ಲಿ ಪ್ಯಾರಿಸ್‌ಗೆ ಹೋದರು, 1936ರಲ್ಲಿ ತಾಯ್ನಾಡಿಗೆ ಮರಳಿ ಲೆನಿನ್‌ಗ್ರಾಡ್‌ನ (ಸೇಂಟ್ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಕಲಾ ಅಕಾಡೆಮಿಯಲ್ಲಿ ಪಾಠ ಹೇಳಿದರು. ಜರ್ಮನ್ ಸೈನ್ಯ ನಗರವನ್ನು ಮುತ್ತಿದಾಗ ಊರು ಬಿಡಲು ಒಪ್ಪಲಿಲ್ಲ. 1942ರ ಫೆಬ್ರವರಿ 7ರಂದು ಆ ಮುತ್ತಿಗೆಯ ಹಸಿವಿನಲ್ಲಿ ತೀರಿಕೊಂಡರು; ಅಕಾಡೆಮಿಯ ಪ್ರಾಧ್ಯಾಪಕರ ಸಾಮೂಹಿಕ ಸಮಾಧಿಯಲ್ಲಿ ಮಣ್ಣಾದರು. ಮಕ್ಕಳಿಗೆ ಅಷ್ಟು ತುಂಬಿದ ಪುಟಗಳನ್ನು ಕೊಟ್ಟವರು ಹಸಿದು ಸತ್ತರು ಎಂಬುದನ್ನು ನನ್ನಿಂದ ಇಂದಿಗೂ ಸಮಾಧಾನದಿಂದ ಹೇಳಲಾಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಮರಳುತ್ತೇನೆ. ಗೆರೆಯ ಶಿಸ್ತು, ಪದರಗಳ ಜೋಡಣೆ, ಅಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಬಣ್ಣ ಆರಿಸುವುದು, ಇವನ್ನು ಅವರಿಂದ ಧಾರಾಳವಾಗಿ ಪಡೆಯಿರಿ. ಅಂಚಿಗೆ ನಿಮ್ಮ ಕಥೆ ಹುಟ್ಟಿದ ಊರಿಗೇ ಹೋಗಿ. ನಮ್ಮದು ಧಾರವಾಡ ಸೀಮೆ. ನಾನು ಅವ್ವನ ಕಸೂತಿ ಸೀರೆಯನ್ನು ಹರಡಿಕೊಂಡು ಕುಳಿತೆ. ಗವಂತಿ, ಮುರಗಿ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಆನೆ, ತೇರು, ಗೋಪುರ ಯಾವುದೇ ಇರಲಿ, ಗೆರೆ ಬಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ. ಅದನ್ನು ಅಂಚಿಗೆ ತಂದಾಗ ಒಳಗಿನ ಚಿತ್ರದ ಮನುಷ್ಯರು, ಮರಗಳು ಕೂಡ ಬೇರೆ ರೀತಿ ನಿಲ್ಲಬೇಕಾಯಿತು. ಮುಗಿದ ಪುಟವನ್ನು ಅವ್ವನಿಗೆ ತೋರಿಸಿದೆ. ಅವಳು ಬೆರಳಿಟ್ಟು ಎಣಿಸಿ, “ಈ ತೇರಿನ ಎಡಗಡೆ ಒಂದು ಎಳೆ ತಪ್ಪಿದೆ” ಎಂದಳು. ಆ ಬದಿಯನ್ನು ಪೂರ್ತಿ ಹೊಸದಾಗಿ ಬರೆದೆ.